ಒದ್ದೆ ಅಂಚು

ಮೊದಲು ಗುದ್ದಲಿಯಲ್ಲ, ನೀರು.
ಲೌಸಿಟ್ಸ್‌ನ ಈ ಮರಳು ನೆಲದಲ್ಲಿ ಅಗೆತ ಶುರುವಾಗುವುದೇ ನೀರೆತ್ತುವುದರಿಂದ.
ಹೊಲದಂಚಿಗೆ ಸಾಲು ಕೊಳವೆ, ಕೊಳವೆಯ ತಲೆಗೊಂದು ನೀಲಿ ಡಬ್ಬಿ,
ಡಬ್ಬಿಯ ಮೇಲೆ ನಂಬರು.
ನೂರೆಂಬತ್ತರಿಂದ ಇನ್ನೂರ ನಲವತ್ತು ನನ್ನವು.
ರಾತ್ರಿಪಾಳಿ. ಟಾರ್ಚು, ಅಳತೆಯ ದಾರ, ಫ್ಲಾಸ್ಕಿನಲ್ಲಿ ಕಾಫಿ.
ಕಿವಿಗೊಟ್ಟು ನಡೆಯುತ್ತೇನೆ. ಇಲ್ಲೊಂದು ಪಂಪು ಕೆಮ್ಮಿದರೆ
ಅಲ್ಲಿ ಕೆಳಗೆ ಗಣಿಯ ಗೋಡೆ ಬೆವರುತ್ತದೆ;
ಬೆವರಿದ ಗೋಡೆ ಬಹಳ ಹೊತ್ತು ನಿಲ್ಲುವುದಿಲ್ಲ.

ನೀರಾದ ಮೇಲೆ ಊರು.
ಊರಿಗೂ ಮುಂಚೆ ಸ್ಮಶಾನ. ಸತ್ತವರದು ಬೇಗ ಮುಗಿಯುತ್ತದೆ,
ಅವರು ಪರಿಹಾರಕ್ಕೆ ಚೌಕಾಸಿ ಮಾಡುವುದಿಲ್ಲ.
ಚರ್ಚಿನ ಗಂಟೆ ಇಳಿಸಿದರು, ಲಿಂಡೆನ್ ಮರ ಉರುಳಿಸಿದರು,
ನೆಲದ ಮೇಲ್ಪದರ ಹಾಸಿಗೆ ಸುತ್ತಿದ ಹಾಗೆ ಸುತ್ತಿ ಒಯ್ದರು.
ಆಮೇಲೆ ಬಂತು ಸೇತುವೆ. ನದಿಯಿಲ್ಲದ ಸೇತುವೆ:
ಅರ್ಧ ಕಿಲೋಮೀಟರಿನ ಕಬ್ಬಿಣ, ಹಳಿಗಳ ಮೇಲೆ ತೆವಳುತ್ತ
ಈ ದಡದ ಮರಳನ್ನು ಸರಪಳಿ ಬಕೆಟ್ಟುಗಳಲ್ಲಿ ಮೊಗೆದು
ಆ ದಡಕ್ಕೆ ಸುರಿಯುತ್ತದೆ, ಹಗಲೂ ರಾತ್ರಿ, ಕ್ರಿಸ್‌ಮಸ್ಸಿಗೂ.
ನಡುವೆ, ತಳದಲ್ಲಿ, ಹತ್ತು ಮೀಟರಿನ ಕಂದು ಇದ್ದಲು.
ಆ ಒಂದು ಪಟ್ಟಿಗಾಗಿ ಇಷ್ಟೆಲ್ಲ.
ಅದು ರೈಲು ಹತ್ತಿ ಹೋಗಿ ಉರಿದು, ಹಬೆಯಾಗಿಸಿ, ಕರೆಂಟಾಗಿ,
ಅದರದೊಂದು ಎಳೆ ತಂತಿ ಹಿಡಿದು ವಾಪಸು ಬರುತ್ತದೆ
ನನ್ನ ಪಂಪಿಗೆ.

ಗುಂಡಿ ಇದ್ದಲ್ಲೇ ಇರುತ್ತದೆಂದು ಹೊರಗಿನವರು ತಿಳಿಯುತ್ತಾರೆ.
ಇಲ್ಲ, ನಡೆಯುತ್ತದೆ.
ಮುಂದೆ ತಿನ್ನುತ್ತ ಹಿಂದೆ ಹೂಳುತ್ತ, ವರ್ಷಕ್ಕೆ ನಾನೂರು ಮೀಟರು;
ಬಸವನಹುಳು ಎಷ್ಟೋ ವಾಸಿ.
ನಾನು ಹುಟ್ಟಿದಾಗ ಅದು ಕಾಡಿನಾಚೆಯ ಬರೀ ಸುದ್ದಿ,
ಶಾಲೆಗೆ ಹೋಗುವಾಗ ರಾತ್ರಿಯ ಮೋಡದಡಿ ಒಂದು ಬೆಳಕು,
ಮದುವೆಯ ವರ್ಷ, ಕಪಾಟಿನ ಲೋಟಗಳಲ್ಲಿ ಸಣ್ಣ ನಡುಕ.
ಈಗ ಅದು ನಮ್ಮನ್ನು ದಾಟಿ ಮುಂದೆ ಹೋಗಿದೆ.
ನಮ್ಮ ಅಡುಗೆಮನೆ ಇದ್ದಲ್ಲಿ ಪೈನ್ ಸಸಿಗಳು,
ರೂಲರ್ ಇಟ್ಟು ನೆಟ್ಟದ್ದು.

ವೋರ್ಶಾ ಅಜ್ಜಿ ನೀರುಗಂಡಸಿನ ಕಥೆ ಹೇಳುತ್ತಿದ್ದಳು,
ಸೊರ್ಬಿಯನ್ ಮಾತಿನಲ್ಲೇ; ಜರ್ಮನ್ನಿನಲ್ಲಿ ಕರೆದರೆ ಅವನಿಗೆ ಕೇಳಿಸದಂತೆ.
ಕೆರೆಯಿಂದೆದ್ದು ಸಂತೆಗೆ ಬರುತ್ತಾನೆ, ನಮ್ಮ ನಿಮ್ಮ ಹಾಗೆ
ಬೆಣ್ಣೆಯ ಬೆಲೆ ಕೇಳುತ್ತಾನೆ. ಮುಖ ನೋಡಿದರೆ ಗುರುತಾಗದು,
ಕೋಟಿನ ಅಂಚು ನೋಡು, ಸದಾ ಒದ್ದೆ.
ಕೆರೆ ಬತ್ತಿದ ಬೇಸಿಗೆಯಲ್ಲಿ ತಮಾಷೆಗೆ ಕೇಳಿದೆ:
ಈಗೆಲ್ಲಿ ಹೋದ ಅಜ್ಜಿ, ನಿನ್ನ ನೀರುಗಂಡಸು?
ಪಾಳಿ ಮುಗಿಸಿ ಬಂದಿದ್ದೆ. ಅವಳು ನನ್ನ ಪ್ಯಾಂಟಿನ ತುದಿ ನೋಡಿದಳು.
"ಇಲ್ಲೇ ಇದ್ದಾನಲ್ಲ. ಸಂಬಳಕ್ಕೆ ಸೇರಿದ್ದಾನೆ."

ಇನ್ನು ಮೂರು ವರ್ಷ. ಆಮೇಲೆ ಒಂದೊಂದೇ ಆರಿಸುತ್ತಾರಂತೆ.
ಎಂಜಿನಿಯರಮ್ಮ ಟೀಟ್ಸೆ ಗೋಡೆಯ ಮೇಲೆ ಚಿತ್ರ ತೋರಿಸಿದಳು:
ಸರೋವರ, ಹಾಯಿದೋಣಿ, ಐಸ್‌ಕ್ರೀಮ್ ಹಿಡಿದ ಮಗು.
ನೀರು ಹುಳಿಯಂತಲ್ಲ, ಎಂದೆ. ಸುಣ್ಣ ಹಾಕುತ್ತೇವೆ ಮಿಕ್ಲಾವ್ಷ್, ಎಂದಳು,
ಎಲೆಅಡಿಕೆಗೆ ಹಚ್ಚುವಷ್ಟೇ ಸಲೀಸು ಅನ್ನುವ ಹಾಗೆ.
ಸರಿ. ಹಂದ್ರಿ ಚಪ್ಪಾಳೆ ತಟ್ಟಿದ, ನಾನೂ ತಟ್ಟಿದೆ.

ಮೊನ್ನೆ ರಾತ್ರಿ ಇನ್ನೂರ ಹನ್ನೊಂದರ ಬಳಿ ನಿಂತು
ಯಾಕೋ, ಸ್ವಿಚ್ಚು ಕೆಳಗೆ ಮಾಡಿದೆ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಮೂಲೆ ಸುಮ್ಮನಾಯಿತು.
ಒಂದು ಲೋಟ ಕಾಫಿ ಕುಡಿದು, ದಾರ ಇಳಿಬಿಟ್ಟೆ.
ತುದಿ ನೀರು ಮುಟ್ಟಿದರೆ ಕೂಗುತ್ತದೆ; ಕೂಗಿತು,
ಇರಬೇಕಾದ್ದಕ್ಕಿಂತ ಮೂರು ಮೀಟರ್ ಮೇಲೆ.
ಯಾರೋ ಮೆಟ್ಟಿಲು ಹತ್ತುತ್ತಿದ್ದ ಹಾಗೆ.

ಮತ್ತೆ ಚಾಲೂ ಮಾಡಿ ದಾಖಲೆ ಪುಸ್ತಕದಲ್ಲಿ ಬರೆದೆ:
ಪಂಪು ೨೧೧, ಹತ್ತು ನಿಮಿಷ ಸ್ಥಗಿತ. ಕಾರಣ—
ಆ ಕಾಲಂ ಈಗಲೂ ಖಾಲಿಯಿದೆ.
ಪುಟದ ಅಂಚು ಮಾತ್ರ ಸ್ವಲ್ಪ ಒದ್ದೆ.