ಕಲ್ಲುಮರ

ಕಡತದಲ್ಲಿ ಇದ್ದದ್ದು ಒಂದೇ ಸಾಲು:
ಅಮ್ಮತ್ತಿ ರಸ್ತೆ, ಎಡಬದಿ, ಜನರಲ್ ಸ್ಮಾರಕ, ಒಂದು.
ಹೆಸರಿದ್ದ ಜಾಗದಲ್ಲಿ ಯಾರೋ ಯಾವಾಗಲೋ
ಕಾಫಿ ಲೋಟ ಇಟ್ಟಿದ್ದರು.
ರಸ್ತೆ ಅಗಲವಾಗಬೇಕಂತೆ. ಇದ್ದರೆ ಇದೆ ಅಂತ ಬರಿ,
ಇಲ್ಲದಿದ್ದರೆ ಇಲ್ಲ ಅಂತ, ಸಂಜೆಯೊಳಗೆ, ಅಂದರು ಸಾಹೇಬರು.
ಟೇಪು ಹಿಡಿದು ಹೊರಟೆ.

ಪೆಟ್ರೋಲ್ ಬಂಕಿನ ಹುಡುಗ ತೋರಿಸಿದ್ದು ಮೈಲಿಗಲ್ಲು.
ಹಂದಿಮಾಂಸ ತೂಗುತ್ತಿದ್ದವನು
ಮೋರಿ ದಾಟಿ ಹೋಗಿ ಅಂದ.
ಮೋರಿ ದಾಟಿದರೆ ಇನ್ನೊಂದು ಮೋರಿ.

ಸುಬೇದಾರ್ ಪೂಣಚ್ಚ ಎಂಬತ್ತೆಂಟರ ಬೆನ್ನು ನೆಟ್ಟಗೆ ಮಾಡಿ
ಬರ್ಮಾ ಯುದ್ಧ ಅಂದರು.
ಅಡುಗೆಮನೆಯಿಂದ ಹೆಂಡತಿ, ಅಲ್ಲ, ಚೀನಾದ್ದು.
ಅಲ್ಲೇ ಮೂರನೆಯದೊಂದು ಶುರುವಾಯಿತು.
ಕಲ್ಲು ನೆಟ್ಟ ದಿನ ಬ್ಯಾಂಡು ಬಂದಿತ್ತು,
ಉಪ್ಪಿಟ್ಟು ಸಾಲದೆ ಹೋಗಿತ್ತು.
ಅದರಲ್ಲಿ ಮಾತ್ರ ಇಬ್ಬರಿಗೂ ರಾಜಿ.

ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದ ಚೋಮಿ
ಏಣಿಯಿಂದ ಇಳಿಯದೆಯೇ ಕೇಳಿದಳು:
ಕಲ್ಲುಮರವಾ? ಕಪಾತು ಬೇಡದ್ದು?

ಹಾಲವಾಣಗಳ ಸಾಲಿನಲ್ಲಿ ಅದೂ ಒಂದು.
ಬುಡದಿಂದ ನೆತ್ತಿಯವರೆಗೆ ಬಳ್ಳಿ,
ಎಲೆ ಸರಿಸಿದಲ್ಲೆಲ್ಲ ಕಾಳು ಕಟ್ಟಿದ ಗೊಂಚಲು.
ಗಾಳಿಗೆ ಬೀಳುವುದಿಲ್ಲ, ಗೆದ್ದಲು ಹತ್ತುವುದಿಲ್ಲ,
ಒಣಗಿಸಿದರೆ ವರ್ಷಕ್ಕೆ ನಾಲ್ಕು ಕೇಜಿ.
ಹದಿನೇಳು ವರ್ಷದಿಂದ ಅವಳು ಏಣಿ ಒರಗಿಸಿದ್ದು
ಯಾರ ಭುಜಕ್ಕೆಂದು ಯಾರೂ ಹೇಳಿರಲಿಲ್ಲ.

ಬಳ್ಳಿ ಬಿಡಿಸಲು ಕೈ ಹಾಕಿದೆ.
ಬೇರು ಕಿತ್ತರೆ ಸಾಯ್ತದೆ, ಅಂದಳು,
ಸಾಹುಕಾರ ಕೇಳೋದು ನನ್ನನ್ನ.
ಕತ್ತಲಲ್ಲಿ ಚಿಲಕ ಹುಡುಕುವ ಹಾಗೆ
ಬೆರಳು ಮಾತ್ರ ತೂರಿಸಿದೆ.
ತಣ್ಣನೆ ಕಲ್ಲು. ಪಾಚಿ. ಇರುವೆಯೊಂದು ಕಚ್ಚಿತು.
ಆಮೇಲೆ ಒಂದು ಅಕ್ಷರದ ಹಳ್ಳ,
ಅದರಡಿ ಅದರದೇ ಒತ್ತು:
ಯ್ಯ.
ಮುಂದೆ ಏನೂ ಇಲ್ಲ, ಹಿಂದಿನದೆಲ್ಲ ಬೇರಿನ ವಶ.
ಕೊಡಗಿನಲ್ಲಿ ಅರ್ಧ ಊರಿನ ಹೆಸರು
ಅಲ್ಲಿಗೇ ಮುಗಿಯುತ್ತದೆ.

ಇದೆ ಅಂತ ಬರೆದರೆ ಕ್ರೇನು ಬರುತ್ತದೆ,
ವಿರಾಜಪೇಟೆಯ ಯಾವುದೋ ವೃತ್ತದಲ್ಲಿ ನಿಲ್ಲಿಸಿ
ಬೆಳ್ಳಿಬಣ್ಣ ಬಳಿಯುತ್ತಾರೆ, ಸುತ್ತ ಸರಪಳಿ.
ಇಲ್ಲ ಅಂತ ಬರೆಯಲು
ಉರಿಯುವ ಬೆರಳು ಬಿಡಲಿಲ್ಲ.

ಮರಗಳ ಕಾಲಮ್ಮಿಗೆ ಹೋದೆ.
ಹಾಲವಾಣ, ಹನ್ನೊಂದು.
ಜಾತಿ ತಿಳಿಯದ್ದು, ಒಂದು.
ಚೋಮಿಯನ್ನು ಕೆಳಗೆ ಕರೆದೆ, ಟೇಪಿನ ತುದಿ ಕೊಟ್ಟೆ,
ರಸ್ತೆಯ ನಡುವಿಗೆ ಹೋಗಿ ನಿಲ್ಲು ಅಂದೆ.
ಎಳೀಲಾ ಅಕ್ಕಾ, ಬಿಗಿಯಾಗಿ?
ಬೇಡ,
ಸ್ವಲ್ಪ ಜೋಲು ಬಿಡು.