ಹುಲಿ ಹಾರಿದ ಜಾಗ

ಕೋಡಿಬೆಂಗ್ರೆಯಲ್ಲಿ ಮೇಜು ಇಡಬೇಕಾದರೆ
ಮೊದಲು ಹೊಯ್ಗೆಯ ಹತ್ತಿರ ಮಾತಾಡಬೇಕು.
ಮೂರು ಕಾಲಿಗೆ ಒಂದೊಂದು ಹೆಂಚಿನ ಚೂರು,
ನಾಲ್ಕನೆಯದಕ್ಕೆ ಎರಡು.
ಎಡಕ್ಕೆ ಹೊಳೆ, ಬಲಕ್ಕೆ ಕಡಲು,
ನಡುವಿನ ಅಂಗಳದಲ್ಲಿ ಶಾಮಿಯಾನ,
ನಾಳೆಯ ಮದುವೆಗೆ ಇವತ್ತಿನ ಮೆಹಂದಿ.

"ಲ್ಯಾಪ್‌ಟಾಪ್ ಎಲ್ಲಿ?" ಮದುಮಗಳ ಅಣ್ಣ ರಿತೇಶ.
"ಬೇಡ. ಇದಕ್ಕೆ ಇದರದ್ದೇ ಮಂಡೆ ಉಂಟು."
ಅವನಿಗೆ ನನ್ನ ಮಂಡೆಯ ಮೇಲೂ ಸಂಶಯ.

ವಯರಿಗೊಂದು ಕ್ರಮ ಉಂಟು.
ಬಾಕ್ಸು ಎಲ್ಲರಿಗಿಂತ ಕೊನೆಗೆ ಏಳಬೇಕು,
ಎಲ್ಲರಿಗಿಂತ ಮೊದಲು ಮಲಗಬೇಕು.
ಮೊದಲ ವರ್ಷ ಅದನ್ನು ಮರೆತು
ಟಪ್ ಎಂದು ಟ್ವೀಟರ್ ಸುಟ್ಟವಳು ನಾನೇ.

ಜನರೇಟರಿಗೆ ಹಾಕಿದ್ದೇ
ಬಾಕ್ಸಿನೊಳಗೆ ಜೇನುಗೂಡು ಎದ್ದಿತು.
ಅರ್ಥಿಂಗ್ ಇಲ್ಲ.
ಕಬ್ಬಿಣದ ಸಲಾಕೆಯೊಂದು ಹೊಯ್ಗೆಗೆ ಬಡಿದು
ಬುಡಕ್ಕೆ ಒಂದು ಚೊಂಬು ಉಪ್ಪುನೀರು ಹೊಯ್ದೆ.
ಜೇನು ಹಾರಿಹೋಯಿತು.
ಇದು ಅಪ್ಪನ ವಿದ್ಯೆ,
ಮಲ್ಪೆ ಬಂದರಿನಲ್ಲಿ ಬೋಟಿನ ಇಂಜಿನು ಬಿಚ್ಚುವವರದ್ದು.

ಪೆನ್‌ಡ್ರೈವ್ ಚುಚ್ಚಿದೆ. ಹಸಿರು ದೀಪ
ಎರಡು ಸಲ ಕಣ್ಣು ಹೊಡೆಯಿತು.
ಹೆಡ್‌ಫೋನು ಒಂದು ಕಿವಿಗೆ ಮಾತ್ರ:
ಬಲಗಿವಿಯಲ್ಲಿ ಎಲ್ಲರೂ ಕುಣಿಯುತ್ತಿರುವ ಹಾಡು,
ಎಡಗಿವಿಯಲ್ಲಿ ಇನ್ನೂ ಯಾರಿಗೂ ಕೇಳದ್ದು.
ಅರ್ಧ ನಿಮಿಷ ಮುಂದೆ ಬದುಕುತ್ತೇನೆ ನಾನು
ಮದುಮಗಳಿಗಿಂತ, ಅವಳ ಅಂಗೈಯ ಬಣ್ಣಕ್ಕಿಂತ,
ಬಾಣಲೆಗೆ ಬೀಳಲಿರುವ ಮೀನಿಗಿಂತ.

ಸಿಂಕ್ ಒತ್ತಿದರೆ ಎರಡು ಹಾಡಿಗೂ ಒಂದೇ ಓಟ.
ನೂರಿಪ್ಪತ್ತನಾಲ್ಕು ಈಚೆ, ನೂರಿಪ್ಪತ್ತನಾಲ್ಕು ಆಚೆ.
ಒಂದರ ಬಾಸು ಇಳಿಸಿ ಇನ್ನೊಂದರದ್ದು ಏರಿಸುವುದು;
ಒಂದೇ ಒಲೆಗೆ ಇಬ್ಬರು ಯಜಮಾನ್ತಿಯರು ಬೇಡ.
ಸುಲಭ. ಅಷ್ಟು ಸುಲಭ ಎಂದು ಯಾರಿಗೂ ಹೇಳುವುದಿಲ್ಲ.

ಒಂಬತ್ತೂವರೆಗೆ ರಿತೇಶ ಬಂದ,
ಅವನದೇ ಪೆನ್‌ಡ್ರೈವ್ ಹಿಡಿದುಕೊಂಡು.
"ತಾಸೆ ಹಾಕಿ. ಹೋದ ಅಷ್ಟಮಿಯದ್ದು, ಮೊಬೈಲಿನಲ್ಲಿ ಹಿಡಿದದ್ದು."
ಯಂತ್ರ ಎಣಿಸಲು ಕೂತಿತು.
ನೂರಮೂವತ್ತೆರಡು ಎಂದಿತು. ಇಲ್ಲ, ನೂರನಲವತ್ತು.
ಇಲ್ಲ, ಅರವತ್ತೇಳು.
ಕೊನೆಗೆ ಎರಡು ಗೀಟು ಎಳೆದು ಸುಮ್ಮನಾಯಿತು.

ಕೈಯಲ್ಲಿ ಪ್ಲೇಟು, ಬಾಯಲ್ಲಿ ಮೀನಿನ ಮುಳ್ಳು,
ಮೇಜಿಗೆ ಒರಗಿದರು ಸೇಸಪ್ಪಣ್ಣ,
ಆ ತಾಸೆ ಬಡಿದವರೇ.
ಹೆಡ್‌ಫೋನನ್ನು ಟೆಲಿಫೋನಿನ ಹಾಗೆ ಹಿಡಿದು ಕೇಳಿದರು.
"ಇದಕ್ಕೆ ಎಂತ ಗೊತ್ತುಂಟು ಮಗಾ?
ಇಲ್ಲಿ ನಾನು ಓಡಿದ್ದು, ಹುಲಿ ಹಾರಿತಲ್ಲ.
ಇಲ್ಲಿ ತಡೆದದ್ದು,
ಅವನ ಹಲ್ಲಿಗೆ ಅಕ್ಕಿಮುಡಿ ಸಿಕ್ಕಿತು.
ನಾನು ಎಣಿಸಿದ್ದೇ ಇಲ್ಲ.
ಕಾಲು ನೋಡಿದ್ದು."

ಸಿಂಕ್ ಆರಿಸಿದೆ.
ಗಾಲಿಯ ಅಂಚಿಗೆ ಎರಡು ಬೆರಳು:
ತಾಸೆ ಓಡಿದರೆ ಆಚೆಯ ಹಾಡನ್ನು ತಳ್ಳಿ,
ನಿಂತರೆ ಉಗುರಿನಿಂದ ತಡೆದು.
ಅಪ್ಪ ಹೀಗೆಯೇ, ಕಣ್ಣು ಮುಚ್ಚಿ
ಎಕ್ಸಲೇಟರ್ ಹಿಡಿದು ಕೇಳುತ್ತಿದ್ದರು,
ಯಾವ ಸಿಲಿಂಡರು ಕೆಮ್ಮುತ್ತದೆ ಎಂದು.
ಒಮ್ಮೆ ಎರಡೂ ಡಿಕ್ಕಿ ಹೊಡೆದವು.
ಯಾರಿಗೂ ತಿಳಿಯಲಿಲ್ಲ.
ಸೇಸಪ್ಪಣ್ಣನಿಗೆ ತಿಳಿಯಿತು. ಮುಳ್ಳು ಉಗುಳಿದರು.

ಆಮೇಲೆ ಪರದೆ ನೋಡಲಿಲ್ಲ ನಾನು.
ಹೊಯ್ಗೆಯ ಮೇಲಿನ ಕಾಲು ನೋಡಿದೆ.
ಮೆಹಂದಿ ಒಣಗದ ಕೈ ಮೇಲೆತ್ತಿ ಮದುಮಗಳು,
ಚಪ್ಪಲಿ ಕಳೆದುಕೊಂಡ ಇಬ್ಬರು ಮಕ್ಕಳು,
ಮಂಡಿನೋವಿನ ಪದ್ದಕ್ಕ, ಬಂದರಿನಲ್ಲಿ ಬುಟ್ಟಿ ಹೊರುವವರು,
ಸೆರಗು ಸಿಕ್ಕಿಸಿಕೊಂಡರು,
ಒಂದು ಹೆಜ್ಜೆ ಹಿಂದೆ ಹೋದರು,
ಹಾರಿದರು.
ಆಗ ಬಿಟ್ಟೆ ಬಾಸು.

ಹತ್ತಕ್ಕೆ ಬೀಟಿನ ಪೊಲೀಸರ ಬೈಕು.
ಏನೂ ಹೇಳಲಿಲ್ಲ, ಹೆಲ್ಮೆಟ್ ತೆಗೆದು ನಿಂತರು, ಅಷ್ಟೆ.
ಮಾಸ್ಟರ್ ಇಳಿಸಿದೆ. ಮೊದಲು ಬಾಕ್ಸು ಮಲಗಿತು.
ಪೆನ್‌ಡ್ರೈವಿಗೆ ಹೇಳಿಯೇ ಎಳೆಯಬೇಕು,
ಹೇಳದೆ ಎಳೆದರೆ ನೆನಪು ಕೆಡುತ್ತದೆ.
ಗುಂಡಿಗಳ ಸಂದಿಯ ಹೊಯ್ಗೆ
ಪೈಂಟಿನ ಬ್ರಶ್ಶಿನಲ್ಲಿ ಗುಡಿಸಿದೆ.
ರಿತೇಶ ಐನೂರು ಕಡಿಮೆ ಕೊಟ್ಟ, ನಾಳೆ ಎಂದ.

ಮನೆಯಲ್ಲಿ ಅಪ್ಪ ಎದ್ದೇ ಇದ್ದರು.
ಎಷ್ಟು ಜನ, ಎಂತ ಹಾಡು, ಕೇಳಲಿಲ್ಲ.
ಚೀಲದ ಜಿಪ್ಪು ಎಳೆದು
ಯಂತ್ರದ ಹೊಟ್ಟೆಗೆ ಅಂಗೈ ಇಟ್ಟರು.
"ಬಿಸಿ ಉಂಟು ಇನ್ನೂ," ಎಂದರು,
"ಮುಚ್ಚಬೇಡ."