ಗುರುವಾರದವರೆಗೆ

ಗುರುವಾರ ಬನ್ನಿ ಅಂದರು, ರಿಪೋರ್ಟಿಗೆ.
ಇವತ್ತಿನ್ನೂ ಸೋಮವಾರ.
ನಡುವೆ ಎರಡು ಹಗಲು, ಮೂರು ರಾತ್ರಿ.
ಮೂರು ರಾತ್ರಿ ಎಷ್ಟುದ್ದವೆಂದು
ನಿನಗೆ ನಾನು ಹೇಳಬೇಕೆ, ಕರ್ತನೇ.

ನನ್ನ ಗಂಡ ದೀನಪ್ಪ
ಇಪ್ಪತ್ತಾರು ವರ್ಷ ಭಟ್ಟಿಯ ಮುಂದೆ ನಿಂತವನು.
ಸಂಜೆಯಾದರೆ ದಾವಣಗೆರೆ
ಖಾರ ಹಚ್ಚಿ, ಮೆಣಸಿನಕಾಯಿ ಕಡಿದು ತಿನ್ನುವ ಮಂಡಕ್ಕಿಗೆ
ಅವನ ಎದೆಯೊಳಗಿನ ಹೊಗೆ ಗೊತ್ತಿಲ್ಲ.
ಕಾದ ಮರಳಿಗೆ ಅಕ್ಕಿ ಸುರಿದರೆ
ಒಂದು ಉಸಿರಿನ ಹೊತ್ತು, ಅಷ್ಟೇ:
ಅರಳಿದರೆ ಅರಳಿತು, ಸೀದರೆ ಸೀಯಿತು.
ಜರಡಿ ಆಡಿಸುತ್ತಾ ಒಮ್ಮೆ ಹೇಳಿದ್ದ,
"ನೋಡು, ಮರಳಾಗ ಹೊರಳಾಡಿದ್ರೂ
ಒಂದು ಕಾಳು ಮರಳು ಅಂಟಲ್ಲ ಇದಕ್ಕ."
ಅಯ್ಯನವರ ಎಷ್ಟೋ ಪ್ರಸಂಗಗಳಿಗಿಂತ
ಅದೇ ನನಗೆ ತಿಳಿದದ್ದು ಹೆಚ್ಚು.
ಆಗ ಅವನಿಗೆ ಕೆಮ್ಮು ಇರಲಿಲ್ಲ.

ಸಭೆಯವರು ಬಂದು ಹೋದರು.
ಸುಗಂಧಮ್ಮ ನನ್ನ ತಲೆ ಮೇಲೆ ಕೈಯಿಟ್ಟು
"ಏನೂ ಆಗಿರಲ್ಲ, ನಂಬು" ಅಂದಳು.
ನಂಬುತ್ತೇನೆ. ಆದರೆ ಏನೂ ಆಗಿರಲ್ಲ ಅಂತಲ್ಲ.
ಆಗಿರಬಹುದು.
ಆಗಿದ್ದರೂ ನೀನು ಇರುತ್ತೀಯ ಅಂತ.
ಇದು ಬೇರೆ ನಂಬಿಕೆ, ಇದರ ಕಾಲು ನಡುಗುತ್ತವೆ,
ಇದು ರಾತ್ರಿ ಎರಡಕ್ಕೆ ಎದ್ದು ಕೂತು
ಒಂದು ಕೆಮ್ಮಿಗೂ ಇನ್ನೊಂದಕ್ಕೂ ನಡುವಿನ
ಮೌನ ಎಣಿಸುತ್ತದೆ.
ಸಿಟ್ಟೂ ಬರುತ್ತದೆ ನಿನ್ನ ಮೇಲೆ. ಬಚ್ಚಿಡಲಾರೆ.
ಪ್ರಾರ್ಥನೆಗೆಂದು ಮೊಣಕಾಲೂರಿದವಳು
ಮೊನ್ನೆ ಮಾತು ಹೊರಡದೆ
ಆಸ್ಪತ್ರೆಯ ಟೋಕನ್ ನಂಬರು ಹೇಳಿ ಎದ್ದೆ.
ನೂರಾ ಹದಿನೇಳು, ಕರ್ತನೇ, ನೂರಾ ಹದಿನೇಳು.
ಕೇಳಿಸಿಕೊಂಡಿದ್ದೀಯ ಅಂದುಕೊಂಡಿದ್ದೇನೆ.

ಇವತ್ತು ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು ಸೋವಿ ಸಿಕ್ಕಿತು.
ಐವತ್ತು ತಂದೆ. ಒರೆಸಿ, ನಾಲ್ಕಾಗಿ ಸೀಳಿ,
ಕಲ್ಲುಪ್ಪು ತುಂಬಿ, ಅಜ್ಜಿಯ ಜಾಡಿಗೆ ಒತ್ತಿದೆ.
ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಕೇಳಿದ,
"ಇದು ತಿನ್ನಾಕ ಎಷ್ಟು ದಿನ ಬೇಕು?"
"ನಲವತ್ತು," ಅಂದೆ.
ಅವನು ಏನೂ ಅನ್ನಲಿಲ್ಲ.
ಕೆಂಡಕ್ಕೆ ಒರಟಾದ ಬೆರಳುಗಳಲ್ಲಿ
ಜಾಡಿಯ ಬಾಯಿಗೆ ಬಿಳಿ ಬಟ್ಟೆ ಬಿಗಿಯಾಗಿ ಹಿಡಿದ.
ನಾನು ದಾರ ಸುತ್ತಿ ಗಂಟು ಹಾಕಿದೆ.